ದೇವಗಿರಿ ಕೋಟೆ ಸಮುದ್ರಕ್ಕೆ ಬಿದ್ದಾಗ
ಕಂಪ್ಯೂಟರ್ ನಕ್ಷೆಯಲ್ಲಿ ಪದೇ ಪದೇ ಎದುರಾಗುವ ತೊಂದರೆಗಳು, ಅವುಗಳ ಪರಿಹಾರ

ದೇವಗಿರಿ, ಅಂದರೆ ಇಂದಿನ ದೌಲತಾಬಾದ್ ಕೋಟೆ, ಇರುವುದು ಛತ್ರಪತಿ ಸಂಭಾಜಿನಗರದಿಂದ ವಾಯವ್ಯಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ, ದಖ್ಖನ್ನಿನ ಒಣ ನೆಲದ ನಡುವೆ. ಹತ್ತಿರದ ಕಡಲತೀರಕ್ಕೂ ಅಲ್ಲಿಂದ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಆದರೂ ಅದನ್ನು ಮೊದಲ ಸಲ ಕಂಪ್ಯೂಟರಿನ ನಕ್ಷೆಯಲ್ಲಿ ಗುರುತಿಸಲು ಕೂತವರ ಕೋಟೆ ಎಷ್ಟೋ ಬಾರಿ ನೀರಿನಲ್ಲಿ ಹೋಗಿ ಕೂರುತ್ತದೆ. ಒಬ್ಬರದು ಉತ್ತರ ಧ್ರುವದ ಕಡೆ, ಇನ್ನೊಬ್ಬರದು ಮಾಲ್ದೀವ್ಸ್‌ನ ಪಶ್ಚಿಮಕ್ಕೆ, ಮತ್ತೊಬ್ಬರದು ಆಫ್ರಿಕಾದ ಪಕ್ಕದಲ್ಲಿ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಸಾಫ್ಟ್‌ವೇರನ್ನು ಬೈದು, ಕಿತ್ತು, ಮತ್ತೆ ಹಾಕಿಕೊಳ್ಳುವುದು. ಮತ್ತೆ ಹಾಕಿದ ಮೇಲೂ ಕೋಟೆ ಅದೇ ಕಡಲಲ್ಲಿ ತೇಲುತ್ತಿರುತ್ತದೆ.

ಸಾಫ್ಟ್‌ವೇರಿನ ತಪ್ಪು ಇಲ್ಲಿ ಬಹಳ ಕಡಿಮೆ. ನಾವು ಕೊಟ್ಟ ಅಂಕಿಗಳನ್ನು ಅದು ಯಾವ ಲೆಕ್ಕದಲ್ಲಿ ಓದಿತು ಎನ್ನುವುದರಲ್ಲಿ ತೊಂದರೆ ಇರುತ್ತದೆ. ಒಳ್ಳೆಯ ಸುದ್ದಿಯೆಂದರೆ, ಕೋಟೆ ಎಲ್ಲಿ ಹೋಗಿ ಬಿದ್ದಿದೆ ಎಂಬುದೇ ತಪ್ಪು ಯಾವುದೆಂದು ಹೇಳಿಬಿಡುತ್ತದೆ. ಈ ಲೇಖನ ಮುಖ್ಯವಾಗಿ ಕ್ಯೂಜಿಐಎಸ್ ಬಳಸುವವರಿಗೆ. 2002ರಲ್ಲಿ ಗ್ಯಾರಿ ಶರ್ಮನ್ ಶುರುಮಾಡಿದ, ದುಡ್ಡು ಕೊಡದೆ ಬಳಸಬಹುದಾದ ಈ ತಂತ್ರಾಂಶ ಇವತ್ತು ಕಾಲೇಜಿನ ಭೂಗೋಳ ವಿಭಾಗದಿಂದ ಹಿಡಿದು ಶಾಸನ ಹುಡುಕುವ ಹವ್ಯಾಸಿಗಳವರೆಗೆ ಎಲ್ಲರ ಬಳಿಯೂ ಇದೆ. ಬೇರೆ ತಂತ್ರಾಂಶ ಬಳಸುವವರಿಗೂ ಮೆನುವಿನ ಹೆಸರು ಬೇರೆಯಾದೀತು, ಕಾರಣ ಅದೇ.

ಉದಾಹರಣೆಗೆ ದೇವಗಿರಿಯನ್ನೇ ಹಿಡಿದದ್ದಕ್ಕೆ ಕಾರಣ ಇದೆ. ಕನ್ನಡ ಶಾಸನ ಓದುವವರಿಗೆ ಸೇವುಣರು ಪರಕೀಯರಲ್ಲ. ನಾಸಿಕ್ ಕಡೆಯ ಸಿನ್ನರ್‌ನಲ್ಲಿ ಬೇರೂರಿ, ಹನ್ನೆರಡನೆಯ ಶತಮಾನದ ಕೊನೆಗೆ ಐದನೆಯ ಭಿಲ್ಲಮನ ಕಾಲದಲ್ಲಿ ದೇವಗಿರಿಗೆ ಬಂದ ಈ ಮನೆತನದ ಶಾಸನಗಳಲ್ಲಿ ಕನ್ನಡದವು ಸಾಕಷ್ಟಿವೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಹರಡಿಕೊಂಡಿವೆ. ಅವುಗಳನ್ನು ನಕ್ಷೆಯ ಮೇಲೆ ಇಡಬೇಕೆಂದರೆ ರಾಜಧಾನಿಯನ್ನೂ ಇಡಬೇಕು. ಅಲ್ಲಿಗೆ ಕರ್ನಾಟಕದ ಗಡಿ ದಾಟಬೇಕು. ನಮ್ಮ ರಾಜ್ಯದ ದೂರಸಂವೇದಿ ಕೇಂದ್ರದ ಕೆ-ಜಿಐಎಸ್ ಮಾಹಿತಿ ಗಡಿಯಲ್ಲೇ ನಿಲ್ಲುತ್ತದೆ. ಮುಂದಿನದಕ್ಕೆ ಭುವನ್, ಓಪನ್‌ಸ್ಟ್ರೀಟ್‌ಮ್ಯಾಪ್, ಸರ್ವೆ ಆಫ್ ಇಂಡಿಯಾದ ಹಾಳೆಗಳು ಹೀಗೆ ಬೇರೆ ಬೇರೆ ಮೂಲಗಳಿಂದ ತಂದು ಜೋಡಿಸಬೇಕು. ತೊಂದರೆಗಳೆಲ್ಲ ಹುಟ್ಟುವುದು ಈ ಜೋಡಣೆಯಲ್ಲೇ.

ಬಿದ್ದ ಜಾಗವೇ ಸುಳಿವು

ಕೋಟೆಯ ಸ್ಥಾನ ಸುಮಾರು 19.94 ಡಿಗ್ರಿ ಉತ್ತರ ಅಕ್ಷಾಂಶ, 75.21 ಡಿಗ್ರಿ ಪೂರ್ವ ರೇಖಾಂಶ. ಎಕ್ಸೆಲ್ ಪಟ್ಟಿಯಲ್ಲಿ ಹೀಗೆ ಬರೆದು, ಸಿಎಸ್‌ವಿ ಮಾಡಿ, ‘ಆ್ಯಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಮೂಲಕ ತೆರೆಯುತ್ತೀರಿ. ಅಲ್ಲಿ ಎಕ್ಸ್ ಯಾವುದು, ವೈ ಯಾವುದು ಎಂದು ಕೇಳುತ್ತದೆ. ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಅದೇ ರೂಢಿಯಲ್ಲಿ ಅಕ್ಷಾಂಶವನ್ನು ಎಕ್ಸ್‌ಗೆ ಕೊಟ್ಟರೆ ಕೋಟೆ 75 ಡಿಗ್ರಿ ಉತ್ತರಕ್ಕೆ, 20 ಡಿಗ್ರಿ ಪೂರ್ವಕ್ಕೆ ಹೋಗುತ್ತದೆ. ಅದು ನಾರ್ವೆಗೂ ಸ್ವಾಲ್‌ಬಾರ್ಡ್ ದ್ವೀಪಗಳಿಗೂ ನಡುವಿನ ಹಿಮದ ಕಡಲು. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಅದಲುಬದಲು ಮಾಡಿ, ಮುಗಿಯಿತು.

ಬಿಂದು ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿಯಲ್ಲಿ ಕಂಡರೆ ಅದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶದ ಜಾಗ. ನಿಮ್ಮ ಪಟ್ಟಿಯಲ್ಲಿ ಆ ಸಾಲಿಗೆ ಅಂಕಿಯ ಬದಲು ಸೊನ್ನೆಯೇ ತುಂಬಿದೆ ಎಂದರ್ಥ. ಬಿಂದು ದೌಲತಾಬಾದಿನ ದಕ್ಷಿಣಕ್ಕೆ ನಲವತ್ತು ಕಿಲೋಮೀಟರ್ ಸರಿದು ಗೋದಾವರಿಯ ಕಡೆ ಇಳಿದಿದ್ದರೆ, 19 ಡಿಗ್ರಿ 56 ಮಿನಿಟನ್ನು ಯಾರೋ 19.56 ಎಂದು ಬರೆದಿದ್ದಾರೆ. ಮಿನಿಟು ಅರವತ್ತರ ಲೆಕ್ಕ. 56 ಮಿನಿಟು ಎಂದರೆ 0.93 ಡಿಗ್ರಿ. ಹಳೆಯ ಶಾಸನ ಸಂಪುಟ, ಗೆಝೆಟಿಯರುಗಳಿಂದ ಅಂಕಿ ಎತ್ತಿಕೊಳ್ಳುವವರು ಇಲ್ಲಿ ಎಡವುವುದು ಹೆಚ್ಚು. ಈ ತಪ್ಪು ಅಪಾಯಕಾರಿ, ಏಕೆಂದರೆ ಬಿಂದು ಸಮುದ್ರಕ್ಕೆ ಬೀಳುವುದಿಲ್ಲ. ಅದೇ ಜಿಲ್ಲೆಯ ಸುತ್ತಮುತ್ತ ಎಲ್ಲೋ ಸಭ್ಯವಾಗಿ ಕೂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮೂಲದಲ್ಲಿ ಡಿಗ್ರಿ-ಮಿನಿಟು-ಸೆಕೆಂಡು ಇದ್ದರೆ ಅದನ್ನು ಹಾಗೆಯೇ ಬರೆದು, ಆಮದು ಮಾಡುವ ಕಿಟಕಿಯಲ್ಲಿ ‘ಡಿಎಂಎಸ್ ಕೋಆರ್ಡಿನೇಟ್ಸ್’ ಎಂಬ ಚೌಕಕ್ಕೆ ಟಿಕ್ ಹಾಕಿ. ಕೈಲೆಕ್ಕ ಬೇಡ.

ಇನ್ನು ದೊಡ್ಡ ವಿಷಯ, ಸಿಆರ್‌ಎಸ್. ಅಂದರೆ ಈ ಅಂಕಿಗಳು ಯಾವ ನಿರ್ದೇಶಾಂಕ ಪದ್ಧತಿಯವು ಎನ್ನುವ ಗುರುತು. ಮೊಬೈಲ್, ಜಿಪಿಎಸ್ ಕೊಡುವುದು ಡಬ್ಲ್ಯೂಜಿಎಸ್ 84 ಪದ್ಧತಿಯ ಡಿಗ್ರಿಗಳನ್ನು. ಅದರ ಸಂಖ್ಯೆ ಇಪಿಎಸ್‌ಜಿ 4326. ನೆಲದ ಅಳತೆ ಮೀಟರಿನಲ್ಲಿ ಬೇಕಾದಾಗ ಯುಟಿಎಂ. ಅದರಲ್ಲಿ 72ರಿಂದ 78 ಡಿಗ್ರಿ ಪೂರ್ವದವರೆಗಿನ ಪಟ್ಟಿ 43ನೆಯ ವಲಯ, ಇಪಿಎಸ್‌ಜಿ 32643. ನಾಸಿಕ್, ದೌಲತಾಬಾದ್, ಧಾರವಾಡ, ಬೆಂಗಳೂರು ಎಲ್ಲ ಇದರೊಳಗೇ ಬರುತ್ತವೆ. ಕೋಲಾರ ಮಾತ್ರ 78 ಡಿಗ್ರಿ ದಾಟಿ 44ನೆಯ ವಲಯಕ್ಕೆ ಜಾರುತ್ತದೆ, ಅದರ ಸಂಖ್ಯೆ 32644. ದೌಲತಾಬಾದ್ 43ನೆಯ ವಲಯದ ನಡುಗೆರೆಯಾದ 75 ಡಿಗ್ರಿಗೆ ತೀರ ಹತ್ತಿರ ಇರುವುದರಿಂದ ಅಲ್ಲಿ ಯುಟಿಎಂ ಅಳತೆ ಬಹಳ ನಂಬಿಕೆಯದು.

ಅಂಕಿ ನೋಡಿದರೇ ಪದ್ಧತಿ ಗೊತ್ತಾಗುತ್ತದೆ. ಕೋಟೆ ಡಿಗ್ರಿಯಲ್ಲಿ 75.21, 19.94, ಯುಟಿಎಂನಲ್ಲಿ ಸುಮಾರು 5,22,000 ಮತ್ತು 22,05,000. ಲೇಯರಿನ ‘ಪ್ರಾಪರ್ಟೀಸ್’ ತೆರೆದು ‘ಇನ್ಫರ್ಮೇಶನ್’ ಪುಟದಲ್ಲಿ ‘ಎಕ್ಸ್‌ಟೆಂಟ್’ ಎಂಬ ಸಾಲನ್ನು ಓದಿ. ಅಲ್ಲಿ ಲಕ್ಷಗಳ ಅಂಕಿ ಇದ್ದು, ಸಿಆರ್‌ಎಸ್ ಮಾತ್ರ 4326 ಎಂದಿದ್ದರೆ, ಅಥವಾ ಎರಡಂಕಿಯ ಡಿಗ್ರಿಗಳಿದ್ದು ಸಿಆರ್‌ಎಸ್ 32643 ಎಂದಿದ್ದರೆ, ಗುರುತು ತಪ್ಪಾಗಿದೆ. ಮೊದಲನೆಯ ತಪ್ಪಿನಲ್ಲಿ ಲೇಯರ್ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ, ಪರದೆ ಬಿಳಿ. ಎರಡನೆಯದರಲ್ಲಿ ಡಿಗ್ರಿಗಳನ್ನು ಮೀಟರ್ ಎಂದು ಓದಿಕೊಂಡು ತಂತ್ರಾಂಶ ಕೋಟೆಯನ್ನು ಮಾಲ್ದೀವ್ಸ್‌ನ ಪಶ್ಚಿಮಕ್ಕೆ, ಸಮಭಾಜಕ ವೃತ್ತದ ಮೇಲೆ ಇಡುತ್ತದೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಇಡೀ ದೇಶ ಅಲ್ಲಿ ಮೂವತ್ತು ಮೀಟರ್ ಅಗಲದ ಒಂದು ಅಂಗಳದಷ್ಟಾಗಿ ಕೂತಿರುತ್ತದೆ. ಇನ್ನು ಕೋಟೆ ಛತ್ತೀಸಗಢದ ನಾರಾಯಣಪುರದ ಕಡೆ, ಆರುನೂರು ಕಿಲೋಮೀಟರಿಗೂ ಆಚೆ ಪೂರ್ವಕ್ಕೆ ಹೋಗಿದ್ದರೆ 43ರ ಬದಲು 44ನೆಯ ವಲಯ ಆಯ್ದಿದ್ದೀರಿ. ವಲಯ ಒಂದು ತಪ್ಪಿದರೆ ಸರಿಯಾಗಿ ಆರು ಡಿಗ್ರಿ ಸರಿಯುತ್ತದೆ.

ಇದನ್ನು ಸರಿಪಡಿಸುವಾಗ ಎರಡು ಆಜ್ಞೆಗಳನ್ನು ಕಲಸಿಕೊಳ್ಳದಿರುವುದು ಮುಖ್ಯ. ‘ಸೆಟ್ ಲೇಯರ್ ಸಿಆರ್‌ಎಸ್’ ಅಂಕಿಗಳನ್ನು ಮುಟ್ಟುವುದಿಲ್ಲ, ಅವುಗಳ ಮೇಲಿನ ಗುರುತನ್ನಷ್ಟೇ ಬದಲಿಸುತ್ತದೆ. ‘ರೀಪ್ರೊಜೆಕ್ಟ್ ಲೇಯರ್’ ಅಥವಾ ‘ಎಕ್ಸ್‌ಪೋರ್ಟ್’ ಮೆನುವಿನ ‘ಸೇವ್ ಫೀಚರ್ಸ್ ಆ್ಯಸ್’ ಅಂಕಿಗಳನ್ನೇ ಹೊಸ ಪದ್ಧತಿಗೆ ಲೆಕ್ಕ ಹಾಕಿ ಬೇರೆ ಕಡತ ಮಾಡುತ್ತದೆ. ಗುರುತು ತಪ್ಪಿದ್ದಾಗ ಮೊದಲನೆಯದು, ಗುರುತು ಸರಿಯಿದ್ದು ಮೀಟರ್ ಬೇಕಾದಾಗ ಎರಡನೆಯದು. ಬೆಳಗಾವಿ ಬಸ್ಸಿಗೆ ಬೀದರ್ ಬೋರ್ಡು ಹಾಕಿದ ಮಾತ್ರಕ್ಕೆ ಅದು ಬೀದರಿಗೆ ಹೋಗುವುದಿಲ್ಲ. ನಾನು ಕಂಡ ಅರ್ಧಕ್ಕರ್ಧ ಗೋಳಾಟ ಇದೊಂದರಿಂದಲೇ: ಡಿಗ್ರಿಯ ಲೇಯರಿಗೆ ಮೀಟರಿನ ಬೋರ್ಡು ನೇತುಹಾಕಿ, ಎಲ್ಲ ಹಾಳಾಯಿತು ಎಂದು ತಲೆಮೇಲೆ ಕೈಹೊತ್ತು ಕೂರುವುದು. ಹಾಳೇನೂ ಆಗಿರುವುದಿಲ್ಲ. ಹಳೆಯ ಗುರುತನ್ನು ಮತ್ತೆ ಹಾಕಿದರೆ ಕೋಟೆ ವಾಪಸ್ ಬರುತ್ತದೆ.

ಒಂದು ಕೋಟೆ, ಮೂರು ಹಾಳೆ

ಸಂಭಾಜಿನಗರದಿಂದ ಹೊರಟು ದೌಲತಾಬಾದ್ ನೋಡಿಕೊಂಡು ಎಲ್ಲೋರಕ್ಕೆ ಹೋಗುವುದು ಎಲ್ಲ ಪ್ರವಾಸಿಗಳೂ ಹಿಡಿಯುವ ದಾರಿ. ಅರ್ಧ ದಿನದ ಈ ಹಾದಿಯನ್ನು ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ನೋಡಬೇಕೆಂದರೆ ಮೂರು ಹಾಳೆ ಬೇಕು. ನಗರದ ನಡುಭಾಗ 47 ಎಂ/5ರಲ್ಲಿ, ಕೋಟೆ 47 ಎಂ/1ರಲ್ಲಿ, ಎಲ್ಲೋರ 46 ಪಿ/4ರಲ್ಲಿ. ಕಾರಣ, 75 ಡಿಗ್ರಿ 15 ಮಿನಿಟಿನ ರೇಖಾಂಶ ನಗರಕ್ಕೂ ಕೋಟೆಗೂ ನಡುವೆ ಹಾಯುತ್ತದೆ. 20 ಡಿಗ್ರಿಯ ಅಕ್ಷಾಂಶ ಖುಲ್ದಾಬಾದಿನ ಆಸುಪಾಸಿನಲ್ಲಿ, ಕೋಟೆಗೂ ಎಲ್ಲೋರಕ್ಕೂ ನಡುವೆ ಹಾಯುತ್ತದೆ. ನಾಸಿಕ್ ನಗರವನ್ನೂ ಇದೇ 20ನೆಯ ಅಕ್ಷಾಂಶ ಸೀಳಿಕೊಂಡು ಹೋಗುತ್ತದೆ, ಅಲ್ಲಿನವರಿಗೂ ಇದೇ ಪಾಡು.

ಹಳೆಯ ಹಾಳೆಯನ್ನು ಸ್ಕ್ಯಾನ್ ಮಾಡಿ ‘ಜಿಯೊರೆಫರೆನ್ಸರ್’ನಲ್ಲಿ ಕೂರಿಸುವಾಗ ಹಾಳೆಯ ನಾಲ್ಕು ಮೂಲೆಗಳ ಡಿಗ್ರಿ-ಮಿನಿಟು ಕೊಡುತ್ತೀರಿ. ಎಲ್ಲ ಸರಿಯಾಗಿ ಕೊಟ್ಟರೂ ರಸ್ತೆ, ರೈಲುಹಳಿ, ಕೋಟೆಯ ಗೋಡೆ ಎಲ್ಲವೂ ಉಪಗ್ರಹ ಚಿತ್ರಕ್ಕಿಂತ ನೂರು ಮೀಟರ್ ಆಸುಪಾಸು ಪಕ್ಕಕ್ಕೆ ಬರುತ್ತವೆ. ಸ್ಕ್ಯಾನರನ್ನು ದೂರಬೇಡಿ. ಆ ಹಾಳೆಗಳ ಅಕ್ಷಾಂಶ-ರೇಖಾಂಶ ಡಬ್ಲ್ಯೂಜಿಎಸ್ 84ರದ್ದಲ್ಲ. ಭೂಮಿಯ ಆಕಾರಕ್ಕೆ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕ, ಮಧ್ಯಪ್ರದೇಶದ ಸಿರೋಂಜ್ ಬಳಿಯ ಕಲ್ಯಾಣಪುರವನ್ನು ಮೂಲಬಿಂದುವಾಗಿ ಇಟ್ಟುಕೊಂಡ ಅಳತೆ, ಎರಡೂ ಸೇರಿದ ಹಳೆಯ ಪದ್ಧತಿಯದು. ಮೂಲೆಗಳ ಅಂಕಿ ಕೊಡುವಾಗ ಸಿಆರ್‌ಎಸ್ ಪಟ್ಟಿಯಲ್ಲಿ ‘ಕಲಿಯಾನ್‌ಪುರ್ 1975’, ಅಂದರೆ ಇಪಿಎಸ್‌ಜಿ 4146, ಆಯ್ದುಕೊಳ್ಳಿ; ಆಮೇಲೆ ಯುಟಿಎಂಗೆ ರೀಪ್ರೊಜೆಕ್ಟ್ ಮಾಡಿ. ಪದ್ಧತಿಯಿಂದ ಪದ್ಧತಿಗೆ ಹೋಗುವಾಗ ಯಾವ ಪರಿವರ್ತನೆ ಬೇಕೆಂದು ಕಿಟಕಿಯೊಂದು ಕೇಳಿದರೆ ಭಾರತಕ್ಕೆ ಸೇರಿದ್ದನ್ನೇ ಆಯ್ಕೆ ಮಾಡಿ. ಅದೇ ಹೆಸರಿನ ಪದ್ಧತಿಗಳು ನೆರೆದೇಶಗಳಿಗೂ ಇವೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84, ಯುಟಿಎಂನಲ್ಲೇ ಇವೆ, ಅವುಗಳಿಗೆ ಈ ಸರ್ಕಸ್ ಬೇಕಿಲ್ಲ. ಹೊಸದು ಸಿಗುವಾಗ ಹಳೆಯದನ್ನು ಏಕೆ ಹಿಡಿದುಕೊಳ್ಳಬೇಕು ಎಂದರೆ, ಬತ್ತಿದ ಕೆರೆ, ಮರೆತ ದಾರಿ, ಬದಲಾದ ಊರ ಹೆಸರು ಹಳೆಯ ಹಾಳೆಯಲ್ಲೇ ಇರುತ್ತವೆ.

ಕೋಟೆಯ ಕೈಬರಹದ ನಕ್ಷೆ, ಪುಸ್ತಕದಲ್ಲಿ ಅಚ್ಚಾದ ರೇಖಾಚಿತ್ರ ಕೂರಿಸುವಾಗ ಮೂಲೆಯ ಅಂಕಿಗಳೇ ಇರುವುದಿಲ್ಲ. ಆಗ ನೆಲದಲ್ಲೂ ಚಿತ್ರದಲ್ಲೂ ಖಚಿತವಾಗಿ ಸಿಗುವ ಜಾಗಗಳು ಬೇಕು. ಹದಿನೈದನೆಯ ಶತಮಾನದಲ್ಲಿ ಬಹಮನಿಗಳು ಕಟ್ಟಿಸಿದ ಚಾಂದ್ ಮಿನಾರಿನ ಬುಡ, ಅಂಬರಕೋಟದ ಹೊರಗೋಡೆಯ ಬಾಗಿಲು, ಮಹಾಕೋಟದ ಬುರುಜು, ಬೆಟ್ಟದ ತುದಿಯ ಕಟ್ಟಡ ಹೀಗೆ. ಎಲ್ಲ ಬಿಂದುಗಳನ್ನೂ ಮಿನಾರಿನ ಸುತ್ತಲೇ ಹಾಕಿದರೆ ಹೊರಗೋಡೆ ಎಲ್ಲಿಗಾದರೂ ಹಾರುತ್ತದೆ. ಚಿತ್ರದ ನಾಲ್ಕೂ ಅಂಚಿಗೆ ಹರಡಿ. ಇನ್ನೊಂದು ಮೋಸವಿದೆ. ‘ಥಿನ್ ಪ್ಲೇಟ್ ಸ್ಪ್ಲೈನ್’ ಎಂಬ ವಿಧಾನ ಆರಿಸಿದರೆ ದೋಷದ ಅಂಕಿ ಸೊನ್ನೆಯ ಹತ್ತಿರ ಬರುತ್ತದೆ, ನೋಡಿದವರಿಗೆ ಸಂಭ್ರಮ. ಆ ವಿಧಾನ ಚಿತ್ರವನ್ನು ರಬ್ಬರಿನಂತೆ ಎಳೆದು ನಿಮ್ಮ ಬಿಂದುಗಳಿಗೆ ಅಂಟಿಸುವುದರಿಂದ ಸೊನ್ನೆ ಬರಲೇಬೇಕು. ಬಿಂದು ತಪ್ಪಿದ್ದರೂ ಬರುತ್ತದೆ. ಮೊದಲು ‘ಪಾಲಿನಾಮಿಯಲ್ 1’ ಹಾಕಿ ನೋಡಿ. ಯಾವ ಬಿಂದುವಿನ ಎದುರು ದೋಷ ದೊಡ್ಡದಿದೆಯೋ ಅದನ್ನು ಮತ್ತೆ ಪರೀಕ್ಷಿಸಿ. ಆಮೇಲೆ ಬೇಕಾದರೆ ಎಳೆಯಿರಿ.

ನೂರು ಮೀಟರ್ ಎಂದರೆ ಎಷ್ಟು ಮೀಟರ್?

1958ರ ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ, ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ದೌಲತಾಬಾದ್ ಕೋಟೆಗೂ ಹಂಪಿಗೂ ಇದೇ ನಿಯಮ. ಹಾಗಾಗಿ ಸ್ಮಾರಕದ ಸುತ್ತ 100 ಮತ್ತು 300 ಮೀಟರಿನ ‘ಬಫರ್’ ಎಳೆಯುವುದು ವಿದ್ಯಾರ್ಥಿಗಳಿಗೆ ಸಾಮಾನ್ಯ ಅಭ್ಯಾಸ.

ಡಿಗ್ರಿಯ ಲೇಯರಿನ ಮೇಲೆ 100 ಎಂದು ಬರೆದರೆ ತಂತ್ರಾಂಶ 100 ಡಿಗ್ರಿ ಎಂದು ತಿಳಿದು ಅರ್ಧ ಜಗತ್ತನ್ನೇ ನಿಷೇಧಿತ ಪ್ರದೇಶ ಮಾಡುತ್ತದೆ. ಅಳತೆಯ ಪೆಟ್ಟಿಗೆಯ ಪಕ್ಕ ‘ಡಿಗ್ರೀಸ್’ ಎಂದು ಬರೆದು ಹಳದಿ ಎಚ್ಚರಿಕೆ ತೋರಿಸಿರುತ್ತದೆ, ನಾವು ಓದಿರುವುದಿಲ್ಲ. ಈ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಅಪಾಯವಿಲ್ಲ. ಕಾಣದ ತಪ್ಪು ಬೇರೆ. ಗೂಗಲ್, ಓಪನ್‌ಸ್ಟ್ರೀಟ್‌ಮ್ಯಾಪ್ ತೆರನ ಹಿನ್ನೆಲೆ ನಕ್ಷೆ ಹಾಕಿದಾಗ ಪ್ರಾಜೆಕ್ಟು ಇಪಿಎಸ್‌ಜಿ 3857ಕ್ಕೆ, ಅಂದರೆ ವೆಬ್ ಮರ್ಕೇಟರ್‌ಗೆ ಹೋಗಿರುತ್ತದೆ. ಅದರ ಏಕಮಾನವೂ ಮೀಟರೇ. ಲೇಯರನ್ನೂ ಅದರಲ್ಲೇ ಉಳಿಸಿ 100 ಮೀಟರ್ ಬಫರ್ ಎಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಈ ಪ್ರಕ್ಷೇಪ ಸಮಭಾಜಕದಿಂದ ದೂರ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ಅದರ 100 ಮೀಟರ್ ದೌಲತಾಬಾದಿನ ನೆಲದ ಮೇಲೆ ಸುಮಾರು 94 ಮೀಟರ್, ಬೆಂಗಳೂರಿನಲ್ಲಿ 97, ದಿಲ್ಲಿಯಲ್ಲಿ 88. ವಿಸ್ತೀರ್ಣದಲ್ಲಿ ದೌಲತಾಬಾದಿನ ಬಳಿ ನೂರಕ್ಕೆ ಹದಿಮೂರು ಹೆಚ್ಚು ತೋರಿಸುತ್ತದೆ. ಹೊಲದ ಎಕರೆ ಲೆಕ್ಕ ಹಾಕುವವರು ಇದನ್ನು ನೆನಪಿಡಿ. ಅಳತೆಗೆ 32643, ನೋಡಲು 3857 ಎಂದು ಕೆಲಸ ಹಂಚಿಬಿಟ್ಟರೆ ಗೊಂದಲ ಇಲ್ಲ.

ಪರೀಕ್ಷೆಗೆ ಒಂದು ಉಪಾಯ: ಅಳತೆಪಟ್ಟಿಯಿಂದ ಸಿನ್ನರ್‌ನಿಂದ ದೇವಗಿರಿಗೆ ನೇರ ಗೆರೆ ಎಳೆಯಿರಿ. 125 ಕಿಲೋಮೀಟರ್ ಆಸುಪಾಸು ಬರಬೇಕು. 135ರ ಹತ್ತಿರ ಬಂದರೆ ಅಳತೆಯ ಕಿಟಕಿಯಲ್ಲಿ ‘ಕಾರ್ಟೀಸಿಯನ್’ ಆಯ್ಕೆಯಾಗಿದೆ, ‘ಎಲಿಪ್ಸಾಯ್ಡಲ್’ ಮಾಡಿ.

ಬಫರ್ ಎಷ್ಟೇ ಸರಿಯಾಗಿ ಬಂದರೂ ಅದು ಕಾನೂನಿನ ಗೆರೆ ಅಲ್ಲ. ಕಾಯಿದೆಯ ಅಳತೆ ರಕ್ಷಿತ ಎಲ್ಲೆಯಿಂದ ಶುರು, ನೀವು ಇಟ್ಟ ಒಂದು ಬಿಂದುವಿನಿಂದಲ್ಲ. ದೌಲತಾಬಾದಿನಂಥ, ಹೊರಕೋಟೆ ಬಹುದೂರ ಹಬ್ಬಿರುವ ಜಾಗದಲ್ಲಿ ಈ ಎರಡಕ್ಕೂ ಅಜಗಜಾಂತರ.

ಬೆಟ್ಟ ಕಪ್ಪಾದರೆ

ಸುಮಾರು 200 ಮೀಟರ್ ಎದ್ದು ನಿಂತ ದೇವಗಿರಿಯ ಶಂಕುವಿನಾಕಾರದ ಬೆಟ್ಟ ‘ಹಿಲ್‌ಶೇಡ್’ ಮಾಡಿ ನೋಡಲು ಹೇಳಿಮಾಡಿಸಿದಂತಿದೆ. ಎತ್ತರದ ಮಾಹಿತಿ ಎರಡು ಕಡೆ ಸುಲಭವಾಗಿ ಸಿಗುತ್ತದೆ. ಒಂದು, 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ. ಇನ್ನೊಂದು, ಹೈದರಾಬಾದಿನ ಎನ್‌ಆರ್‌ಎಸ್‌ಸಿ ಭುವನ್ ಮೂಲಕ ಕೊಡುವ ಕಾರ್ಟೊಡೆಮ್. ಎರಡರಲ್ಲೂ ಒಂದು ಚೌಕ ಎಂದರೆ 30 ಮೀಟರ್ ಆಸುಪಾಸು.

ಇಳಿಸಿಕೊಂಡ ಎಸ್‌ಆರ್‌ಟಿಎಂ ಕಡತವನ್ನು ನೇರವಾಗಿ ಹಿಲ್‌ಶೇಡ್‌ಗೆ ಕೊಟ್ಟರೆ ಪರದೆ ತುಂಬ ಕಪ್ಪು-ಬಿಳಿ ಕೊಚ್ಚೆ. ಇಳಿಜಾರು ಲೆಕ್ಕ ಹಾಕಿದರೆ ಸಂಭಾಜಿನಗರದ ಬಸ್ ನಿಲ್ದಾಣವೂ ತೊಂಬತ್ತು ಡಿಗ್ರಿಯ ಪ್ರಪಾತ. ಎತ್ತರ ಮೀಟರಿನಲ್ಲಿ, ನೆಲದ ದೂರ ಡಿಗ್ರಿಯಲ್ಲಿ ಇರುವುದರಿಂದ ಹೀಗಾಗುತ್ತದೆ. ತಾತ್ಕಾಲಿಕವಾಗಿ ‘ಸ್ಕೇಲ್’ ಎಂಬ ಪೆಟ್ಟಿಗೆಯಲ್ಲಿ 111120 ಎಂದು ಬರೆಯಬಹುದು. ಒಂದು ಡಿಗ್ರಿ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟು ಮೀಟರ್. ಸರಿಯಾದ ದಾರಿ 32643ಕ್ಕೆ ‘ವಾರ್ಪ್’ ಮಾಡುವುದು. ಹಾಗೆ ಮಾಡುವಾಗ ‘ನಿಯರೆಸ್ಟ್ ನೇಬರ್’ ಬಿಟ್ಟು ‘ಬೈಲೀನಿಯರ್’ ಅಥವಾ ‘ಕ್ಯೂಬಿಕ್’ ಹಾಕಿ. ಇಲ್ಲದಿದ್ದರೆ ಬೆಟ್ಟದ ಮೈಮೇಲೆ ಬಾಚಣಿಗೆ ಎಳೆದಂಥ ಗೆರೆಗಳು ಬರುತ್ತವೆ, ಅವನ್ನೇ ಹಳೆಯ ಮೆಟ್ಟಿಲು ಎಂದು ವಾದಿಸುವವರೂ ಇದ್ದಾರೆ!

ಎಲ್ಲೋರವನ್ನೂ ಸೇರಿಸಬೇಕೆಂದರೆ ಇಲ್ಲಿಯೂ 20ನೆಯ ಅಕ್ಷಾಂಶ ಅಡ್ಡ ಬರುತ್ತದೆ. ಕೋಟೆ ಎನ್19ಇ075 ಕಡತದಲ್ಲಿ, ಎಲ್ಲೋರ ಎನ್20ಇ075ರಲ್ಲಿ. ಒಂದೊಂದಕ್ಕೂ ಬೇರೆ ಬೇರೆ ಹಿಲ್‌ಶೇಡ್ ಮಾಡಿ ಆಮೇಲೆ ಅಂಟಿಸಿದರೆ ನಡುವೆ ಕಪ್ಪು ಹೊಲಿಗೆ ಕಾಣುತ್ತದೆ. ಮೊದಲು ‘ಬಿಲ್ಡ್ ವರ್ಚುವಲ್ ರಾಸ್ಟರ್’ನಿಂದ ಎರಡನ್ನೂ ಒಂದು ಮಾಡಿ, ಬಳಿಕ ವಾರ್ಪ್, ಕೊನೆಗೆ ಹಿಲ್‌ಶೇಡ್. ಈ ಕ್ರಮ ಬದಲಿಸಬೇಡಿ.

ಇಷ್ಟೆಲ್ಲ ಆದ ಮೇಲೆ ಕೆಲವರಿಗೆ ನಿರಾಸೆ: ಬಂಡೆಯನ್ನು ಕಡಿದು ಮಾಡಿದ ಪ್ರಸಿದ್ಧ ಕಂದಕ ಎಲ್ಲಿ? ಜಾರುವಂತೆ ನೇರ ಕೆತ್ತಿದ ಬೆಟ್ಟದ ಗೋಡೆ ಎಲ್ಲಿ? 30 ಮೀಟರಿನ ಚೌಕಗಳಲ್ಲಿ ಕಂದಕವೂ ಗೋಡೆಯೂ ಒಂದೆರಡು ಚೌಕದೊಳಗೆ ಕರಗಿ, ನುಣುಪಾದ ದಿಬ್ಬವಾಗಿ ಬರುತ್ತವೆ. ಮಾಹಿತಿಯಲ್ಲಿ ಇಲ್ಲದ್ದನ್ನು ಯಾವ ಗುಂಡಿ ಒತ್ತಿದರೂ ತರಲಾಗದು. ‘ಅಂಧೇರಿ’ ಎಂದು ಕರೆಯುವ ಕತ್ತಲ ಸುರಂಗದಾರಿಯಲ್ಲಿ ನಡೆದ ಮೊಬೈಲ್ ಟ್ರ್ಯಾಕಿನ ಕಥೆಯೂ ಅಷ್ಟೆ. ಬಂಡೆಯೊಳಗೆ ಉಪಗ್ರಹದ ಸಂಕೇತ ಇಳಿಯುವುದಿಲ್ಲ, ಗೆರೆ ಅಡ್ಡಾದಿಡ್ಡಿ ಹಾರಿರುತ್ತದೆ. ಅದನ್ನು ಅಳಿಸಿ, ಎರಡು ಬಾಯಿಗಳ ಬಿಂದು ಇಟ್ಟು, ಚುಕ್ಕೆಗೆರೆಯಿಂದ ಸೇರಿಸುವುದೇ ಪ್ರಾಮಾಣಿಕ.

ಹೆಸರು ಬದಲಾದ ಜಿಲ್ಲೆ, ಒಡೆದ ಕನ್ನಡ

2011ರ ಜನಗಣತಿ ಪಟ್ಟಿಯಲ್ಲಿ ಜಿಲ್ಲೆಯ ಹೆಸರು ಔರಂಗಾಬಾದ್. ಹೊಸ ಗಡಿರೇಖೆಯ ಕಡತದಲ್ಲಿ 2023ರ ನಂತರದ ಛತ್ರಪತಿ ಸಂಭಾಜಿನಗರ. ಹೆಸರಿನ ಮೇಲೆ ‘ಜಾಯಿನ್’ ಮಾಡಿದರೆ ಜನಸಂಖ್ಯೆಯ ಕಾಲಮ್ಮಿನಲ್ಲಿ ‘ನಲ್’. ನಮ್ಮಲ್ಲೂ 2014ರಲ್ಲಿ ಬೆಳಗಾವಿ, ಕಲಬುರಗಿ, ವಿಜಯಪುರಗಳ ಇಂಗ್ಲಿಷ್ ಹೆಸರು ಬದಲಾದಾಗ ಇದೇ ಆಯಿತು. ಹೆಸರು ಬದಲಾಗದಿದ್ದರೂ ಗಂಡಾಂತರ ತಪ್ಪಿದ್ದಲ್ಲ. ಆ ಜನಗಣತಿಯಲ್ಲಿ ಔರಂಗಾಬಾದ್ ಬಿಹಾರದಲ್ಲೂ ಒಂದಿದೆ, ಬಿಜಾಪುರ ಛತ್ತೀಸಗಢದಲ್ಲೂ ಒಂದಿದೆ. ಊರು ಹುಡುಕಿದರೆ ಗುರುಗ್ರಾಮದಲ್ಲಿ ಇನ್ನೊಂದು ದೌಲತಾಬಾದ್, ಹಾವೇರಿಯ ಪಕ್ಕದಲ್ಲೇ ಇನ್ನೊಂದು ದೇವಗಿರಿ. ಹೆಸರು ಬಿಟ್ಟು ಜನಗಣತಿಯ ಸಂಕೇತ ಸಂಖ್ಯೆಯಿಂದ ಜೋಡಿಸಿ. ಸಂಖ್ಯೆಯಿಂದಲೂ ಕೂಡದಿದ್ದರೆ ಒಂದು ಕಡೆ ಅದು ಅಕ್ಷರವಾಗಿ (‘05’), ಇನ್ನೊಂದು ಕಡೆ ಅಂಕಿಯಾಗಿ (5) ಇದೆಯೇ ನೋಡಿ. ಎಕ್ಸೆಲ್ ಮುಂದಿನ ಸೊನ್ನೆಯನ್ನು ಹೇಳದೆ ಕೇಳದೆ ನುಂಗುತ್ತದೆ.

ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ವಿಚಿತ್ರ ಲಿಪಿ ಬಂದರೆ ಮೂರು ಕಾರಣ ಇರಬಹುದು. ಮೂಲ ಪಟ್ಟಿ ಹಳೆಯ ನುಡಿ, ಬರಹ ಫಾಂಟಿನದಾಗಿದ್ದರೆ ಅದು ನಿಜವಾಗಿ ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ಮೊದಲು ಯುನಿಕೋಡಿಗೆ ಪರಿವರ್ತಿಸಿ. ಎಕ್ಸೆಲ್‌ನಿಂದ ಉಳಿಸುವಾಗ ಬರಿಯ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿ. ಶೇಪ್‌ಫೈಲ್ ಆಗಿದ್ದರೆ ಲೇಯರ್ ಪ್ರಾಪರ್ಟೀಸ್‌ನ ‘ಸೋರ್ಸ್’ ಪುಟದಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಮಾಡಿ.

ಶೇಪ್‌ಫೈಲ್ ಬಗ್ಗೆ ನನ್ನ ಅಭಿಪ್ರಾಯ ಮುಚ್ಚಿಡಲಾರೆ: ಕನ್ನಡಕ್ಕೆ ಅದು ಸಲ್ಲ. ಕಾಲಮ್ಮಿನ ಹೆಸರಿಗೆ ಅದರಲ್ಲಿ ಹತ್ತೇ ಬೈಟು. ಯುನಿಕೋಡ್ ಕನ್ನಡದ ಒಂದು ಅಕ್ಷರ ಚಿಹ್ನೆಗೆ ಮೂರು ಬೈಟು ಬೇಕು. ಹಾಗಾಗಿ ‘ಶಾಸನದ ಕಾಲ’ ಎಂದು ಬರೆದರೆ ಮೂರು ಚಿಹ್ನೆಗೇ ಕತ್ತರಿ ಬೀಳುತ್ತದೆ. ಕೋಶದೊಳಗೆ 254 ಬೈಟು, ಅಂದರೆ ಕನ್ನಡದ ಎಂಬತ್ತನಾಲ್ಕು ಚಿಹ್ನೆ. ಶಾಸನದ ಸಾರಾಂಶ ಬರೆದವರು ಅರ್ಧ ವಾಕ್ಯ ಕಳೆದುಕೊಳ್ಳುತ್ತಾರೆ. ಇನ್ನು ಅದು ಒಂದು ಕಡತವಲ್ಲ, ಕಡತಗಳ ಹಿಂಡು. ವಾಟ್ಸಾಪಿನಲ್ಲಿ ಎಸ್‌ಎಚ್‌ಪಿ ಒಂದನ್ನೇ ಕಳಿಸಿದರೆ ತೆರೆದುಕೊಳ್ಳುವುದಿಲ್ಲ. ಡಿಬಿಎಫ್ ಇಲ್ಲದಿದ್ದರೆ ಹೆಸರು-ವಿವರ ಎಲ್ಲ ಹೋಯಿತು, ಪಿಆರ್‌ಜೆ ಇಲ್ಲದಿದ್ದರೆ ಲೇಯರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬಂದು ಕೋಟೆ ಮತ್ತೆ ಕಡಲಿಗೆ. ಜಿಯೊಪ್ಯಾಕೇಜ್ ಬಳಸಿ. ಒಂದೇ ಕಡತ, ಉದ್ದ ಕನ್ನಡ ಹೆಸರು, ಒಳಗೆ ಎಷ್ಟು ಲೇಯರ್ ಬೇಕಾದರೂ ಇಡಬಹುದು. ಅದನ್ನು ನಕಲು ಮಾಡುವ ಮೊದಲು ಕ್ಯೂಜಿಐಎಸ್ ಮುಚ್ಚಿರಿ; ತೆರೆದಿರುವಾಗ ಪಕ್ಕದಲ್ಲಿ ‘ವಾಲ್’ ಎಂಬ ಬಾಲದ ಕಡತ ಹುಟ್ಟಿ, ಇತ್ತೀಚಿನ ತಿದ್ದುಪಡಿ ಅದರೊಳಗೇ ಉಳಿದಿರಬಹುದು.

ಅಚ್ಚಿಗೆ ಕಳಿಸುವಾಗ ಒತ್ತಕ್ಷರ ಒಡೆದರೆ ಅಕ್ಷರಗಳ ನಡುವಿನ ಅಂತರದ ಆಯ್ಕೆಯನ್ನು ಸೊನ್ನೆಗೆ ತನ್ನಿ, ನದಿ-ರಸ್ತೆಗಳ ಮೇಲೆ ಬಾಗಿ ಬರೆಯುವ ‘ಕರ್ವ್ಡ್’ ಲೇಬಲ್ ಬಿಟ್ಟು ‘ಪ್ಯಾರಲಲ್’ ಮಾಡಿ, ಫಾಂಟು ನೋಟೊ ಸ್ಯಾನ್ಸ್ ಕನ್ನಡ ಇಡಿ. ಪಿಡಿಎಫ್ ರಫ್ತಿನಲ್ಲಿ ಪಠ್ಯವನ್ನು ರೇಖಾರೂಪದಲ್ಲಿ ಕಳಿಸುವ ಆಯ್ಕೆ ಇದೆ. ಮುದ್ರಕರ ಕಂಪ್ಯೂಟರಿನಲ್ಲಿ ಫಾಂಟು ಇರದಿದ್ದರೂ ಆಗ ನಡೆಯುತ್ತದೆ.

ಉಳಿದ ಸಣ್ಣಪುಟ್ಟವು

ನಿನ್ನೆ ಇದ್ದ ಲೇಯರುಗಳೆಲ್ಲ ಇವತ್ತು ‘ಅನವೈಲಬಲ್’ ಎಂದರೆ ಫೋಲ್ಡರ್ ಜಾಗ ಬದಲಾಗಿದೆ, ಇಲ್ಲವೇ ಪೆನ್‌ಡ್ರೈವಿನ ಅಕ್ಷರ ಇ ಇದ್ದದ್ದು ಎಫ್ ಆಗಿದೆ. ಪ್ರಾಜೆಕ್ಟ್ ಕಡತದೊಳಗೆ ನಕ್ಷೆಯ ಮಾಹಿತಿ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ‘ಆಟೊ ಫೈಂಡ್’ ಒತ್ತಿ ನೋಡಿ. ಪ್ರಾಜೆಕ್ಟನ್ನೂ ಮಾಹಿತಿಯನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ವಿಳಾಸ ‘ರಿಲೇಟಿವ್’ ಇರಲಿ.

‘ಇನ್‌ವ್ಯಾಲಿಡ್ ಜಿಯಾಮೆಟ್ರಿ’ ಎಂದು ಕೆಲಸ ನಿಂತರೆ ನೀವು ಎಳೆದ ಗಡಿ ಎಲ್ಲೋ ತನ್ನನ್ನೇ ತಾನು ದಾಟಿ ಎಂಟರ ಆಕಾರ ಆಗಿದೆ. ‘ಫಿಕ್ಸ್ ಜಿಯಾಮೆಟ್ರೀಸ್’ ಸಾಮಾನ್ಯವಾಗಿ ಬಿಡಿಸುತ್ತದೆ. ನಕ್ಷೆ ಆಮೆಯಂತೆ ತೆವಳಿದರೆ ದೊಡ್ಡ ಲೇಯರಿಗೆ ‘ಸ್ಪೇಶಿಯಲ್ ಇಂಡೆಕ್ಸ್’, ದೊಡ್ಡ ಚಿತ್ರಕ್ಕೆ ‘ಪಿರಮಿಡ್’ ಮಾಡಿ. ಹಿನ್ನೆಲೆ ನಕ್ಷೆ ಮಾತ್ರ ಬಾರದಿದ್ದರೆ ಕಚೇರಿ ಅಥವಾ ಕಾಲೇಜಿನ ಇಂಟರ್‌ನೆಟ್ ಪ್ರಾಕ್ಸಿಯನ್ನು ‘ಆಪ್ಷನ್ಸ್’ನ ‘ನೆಟ್‌ವರ್ಕ್’ ಪುಟದಲ್ಲಿ ತುಂಬಿ. ತಂತ್ರಾಂಶ ತೆರೆಯುತ್ತಲೇ ಮುಚ್ಚಿಹೋಗುವುದು, ಪೈಥಾನ್ ದೋಷ ಎಂದು ಪಟ್ಟಿ ಬರುವುದು ಬಹುಪಾಲು ಯಾವುದೋ ಪ್ಲಗಿನ್ನಿನ ಕಾಟ. ಇಡೀ ತಂತ್ರಾಂಶವನ್ನು ಕೀಳುವ ಬದಲು ‘ಯೂಸರ್ ಪ್ರೊಫೈಲ್ಸ್’ನಲ್ಲಿ ಹೊಸ ಪ್ರೊಫೈಲ್ ಮಾಡಿ ತೆರೆಯಿರಿ. ಅಲ್ಲಿ ಸರಿಯಾಗಿ ನಡೆದರೆ ಹಳೆಯದರಲ್ಲಿ ಒಂದೊಂದೇ ಪ್ಲಗಿನ್ ಆರಿಸುತ್ತ ಬನ್ನಿ. ದಿನದ ಕೆಲಸಕ್ಕೆ ಹೊಚ್ಚಹೊಸ ಆವೃತ್ತಿಗಿಂತ ‘ಲಾಂಗ್ ಟರ್ಮ್’ ಆವೃತ್ತಿಯೇ ವಾಸಿ.

ಇಷ್ಟಾದರೂ ಬಗೆಹರಿಯದೆ ಯಾರನ್ನಾದರೂ ಕೇಳುವುದಾದರೆ, ‘ಮ್ಯಾಪ್ ಬರ್ತಿಲ್ಲ ಸರ್’ ಎಂದು ಮೊಬೈಲಿನಲ್ಲಿ ತೆಗೆದ ಅಡ್ಡ ಫೋಟೊ ಕಳಿಸಬೇಡಿ. ಕ್ಯೂಜಿಐಎಸ್‌ನ ಆವೃತ್ತಿ, ಪರದೆಯ ಬಲಗಡೆ ಕೆಳಮೂಲೆಯಲ್ಲಿರುವ ಇಪಿಎಸ್‌ಜಿ ಸಂಖ್ಯೆ, ಲೇಯರಿನ ಸಿಆರ್‌ಎಸ್ ಮತ್ತು ಎಕ್ಸ್‌ಟೆಂಟಿನ ನಾಲ್ಕು ಅಂಕಿ, ದೋಷದ ಪೂರ್ತಿ ವಾಕ್ಯ ಇವಿಷ್ಟನ್ನು ಬರೆದು, ನಿಮ್ಮ ಕೋಟೆ ಎಲ್ಲಿ ಹೋಗಿ ಕೂತಿದೆ ಎಂಬುದನ್ನೂ ತಿಳಿಸಿ. ಉತ್ತರ ಬೇಗ ಬರುತ್ತದೆ.